ಹತ್ತಿರದ ಆಕಾಶ

ಸರ್ಕಾರಿ ಕೆಲಸವೆಂದರೆ ನಮ್ಮ ಜನರ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. ಒಂದು ಮೇಜು, ಅದರ ಮೇಲೆ ಕಡತಗಳ ರಾಶಿ, ಮೇಜಿನ ಹಿಂದೊಂದು ಕುರ್ಚಿ, ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲ್ಲು. ಈ ಚಿತ್ರದೊಳಗೆ ವಿಮಾನವನ್ನು ಎಲ್ಲಿ ನಿಲ್ಲಿಸುವುದು? ಹೀಗಾಗಿ, ನಾನೊಬ್ಬ ಸರ್ಕಾರಿ ಪೈಲಟ್ ಎಂದಾಗ ಎದುರಿಗಿದ್ದವರ ಮುಖದಲ್ಲಿ ಮೂಡುವ ಗೊಂದಲ ನೋಡುವುದೇ ನನಗೊಂದು ಮೋಜು. ಮುಖ್ಯಮಂತ್ರಿಗಳ ಹೆಲಿಕಾಪ್ಟರ್ ಓಡಿಸುವವನಿರಬೇಕು ಎಂದು ಮೊದಲು ಅಂದುಕೊಳ್ಳುತ್ತಾರೆ. ಅಲ್ಲವೆಂದರೆ ಏರ್ ಇಂಡಿಯಾ ಎನ್ನುತ್ತಾರೆ. ಅದು 2022ರ ಜನವರಿಯಲ್ಲೇ ಟಾಟಾದವರ ಕೈಗೆ ಮರಳಿತಲ್ಲ ಎಂದು ನೆನಪಿಸಿದರೆ, "ಹಂಗಾದ್ರೆ ಸರ್ಕಾರದ ಹತ್ರ ಇನ್ಯಾವ ವಿಮಾನ ಐತೆ ಸಾರ್?" ಎಂಬ ಪ್ರಶ್ನೆ ಬರುತ್ತದೆ.

ಇವೆ. ಗಡಿ ಭದ್ರತಾ ಪಡೆಗೆ ತನ್ನದೇ ಆದ ವಾಯು ವಿಭಾಗವಿದೆ. ವಿಮಾನ ನಿಲ್ದಾಣಗಳ ಪ್ರಾಧಿಕಾರದ ಬಳಿ ಕೆಲವು ಸಣ್ಣ ವಿಮಾನಗಳಿವೆ. ಮೋಡ ಮುಸುಕಿದಾಗ ರನ್‌ವೇಗೆ ದಾರಿ ತೋರುವ ರೇಡಿಯೋ ಉಪಕರಣಗಳು ನೆಟ್ಟಗೆ ದಾರಿ ತೋರುತ್ತಿವೆಯೇ ಎಂದು ಊರೂರು ತಿರುಗಿ, ಹಾರಿ ಪರೀಕ್ಷಿಸುವುದೇ ಅವುಗಳ ಕಸುಬು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅನುಭವಿ ಪೈಲಟ್‌ಗಳನ್ನು ತಪಾಸಣಾಧಿಕಾರಿಗಳನ್ನಾಗಿ ತೆಗೆದುಕೊಳ್ಳುತ್ತದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಹಾರಾಟ ಅಕಾಡೆಮಿಯಿದೆ. ಅಷ್ಟು ದೂರ ಏಕೆ, ನಮ್ಮ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆ ಹೊರಟರೆ ಬಲಕ್ಕೆ ಸಿಗುವ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವಿಮಾನ ಹಾರಾಟ ತರಬೇತಿ ಶಾಲೆಯಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1940ರ ದಶಕದ ಕೊನೆಗೆ, ಮೈಸೂರು ಅರಸರ ಔದಾರ್ಯದಿಂದ ದೊರೆತ 200 ಎಕರೆಗೂ ಮಿಕ್ಕಿದ ಜಾಗದಲ್ಲಿ ಹುಟ್ಟಿದ ಶಾಲೆ. ಅದು ಇರುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ. ಅಂದರೆ ಕುಸ್ತಿ, ಕಬಡ್ಡಿ, ಈಜಿನ ಜತೆಗೆ ಆಕಾಶವೂ ಒಂದೇ ಇಲಾಖೆಯ ಪಾಲಿಗೆ ಬಂದಿದೆ!

ನಾನೀಗ ಇರುವುದು ಅಲ್ಲಿ. ಮಕ್ಕಳಿಗೆ ಹಾರುವುದನ್ನು ಕಲಿಸುವ ಕೆಲಸ. ಇದಕ್ಕೆ ಮುಂಚೆ 11 ವರ್ಷ ಖಾಸಗಿ ವಿಮಾನ ಸಂಸ್ಥೆಯೊಂದರಲ್ಲಿದ್ದೆ. ಭುಜದ ಮೇಲೆ ನಾಲ್ಕು ಪಟ್ಟಿಯ ಕ್ಯಾಪ್ಟನ್ ಆಗಿದ್ದೆ. 180 ಜನರನ್ನು ಕೂರಿಸಿಕೊಂಡು ಹಾರುವ ಏರ್‌ಬಸ್ ಬಿಟ್ಟು, ನಾಲ್ಕು ಸೀಟಿನ ಸೆಸ್ನಾ ಹತ್ತಿದವನನ್ನು ಕಂಡು ನೆಂಟರಿಷ್ಟರು ಹೇಳಿದ್ದು ಒಂದೇ ಮಾತು: "ಮೇಲಿದ್ದೋನು ಕೆಳಕ್ಕೆ ಇಳಿದುಬಿಟ್ಟ." ಆ ಮಾತನ್ನು ನಾನು ಬೇರೆ ರೀತಿ ಕೇಳಿಸಿಕೊಳ್ಳುತ್ತೇನೆ. ನಮ್ಮ ಕಸುಬಿನಲ್ಲಿ ಏರುವುದನ್ನು ಯಾರೂ ಅಷ್ಟು ಮೆಚ್ಚುವುದಿಲ್ಲ. ಎಂಜಿನ್ನಿಗೆ ಬಲವಿದ್ದರೆ ವಿಮಾನ ತಾನೇ ಏರುತ್ತದೆ. ಪೈಲಟ್ಟಿನ ಯೋಗ್ಯತೆ ಗೊತ್ತಾಗುವುದು ಅವನು ಇಳಿಸುವಾಗ.

ನನ್ನ ಕತೆ ಶುರುವಾಗುವುದು ಪೀಣ್ಯದಲ್ಲಿ. ಅಪ್ಪ ಕುಣಿಗಲ್ ಕಡೆಯವರು. ಬೆಂಗಳೂರಿಗೆ ಬಂದು, ದೊಡ್ಡ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿ ಕೈ ಪಳಗಿಸಿಕೊಂಡು, ಆಮೇಲೆ ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆ ಶೆಡ್ಡು ಹಿಡಿದು, ಸಾಲದ ಮೇಲೆ ಒಂದು ಲೇತು ತಂದು ಜಾಬ್ ವರ್ಕ್ ಆರಂಭಿಸಿದವರು. ಪೀಣ್ಯದಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತು: ಕೂಲೆಂಟ್ ಎಣ್ಣೆ, ಕಾದ ಕಬ್ಬಿಣದ ಸುರುಳಿ, ಮಳೆ ಬಂದರೆ ತುಕ್ಕು ಹಿಡಿದ ತಗಡಿನ ವಾಸನೆ. ಒಂದೊಂದು ಶೆಡ್ಡಿನಲ್ಲಿ ಒಂದೊಂದು ಶಬ್ದ. ಇಡೀ ದಿನ ಅದರ ನಡುವೆ ನಿಂತು ನಿಂತು ಅಪ್ಪನ ಕಿವಿ ಮಂದವಾಯಿತು. ಆದರೆ ಬೆರಳಿನ ತುದಿಯಿಂದ ಸವರಿ, ಎಷ್ಟು ಕಡಿಮೆಯಾಗಿದೆ, ಎಷ್ಟು ಹೆಚ್ಚಾಗಿದೆ ಎಂದು ಹೇಳುವ ವಿದ್ಯೆ ಮಾತ್ರ ಇನ್ನೂ ಹೋಗಿಲ್ಲ.

ಅಪ್ಪನಿಗೆ ಬರುತ್ತಿದ್ದ ಕೆಲಸದಲ್ಲಿ ಎಚ್‌ಎಎಲ್‌ಗೆ ಹೋಗುವ ಸಣ್ಣಪುಟ್ಟ ಬುಷ್‌ಗಳೂ ಇದ್ದವು. ನೇರವಾಗಿ ಅಲ್ಲ, ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಅಪ್ಪನಿಗೆ. ಮಾಲು ತಲುಪಿಸಲು ಸ್ಕೂಟರಿನಲ್ಲಿ ಹೊರಟಾಗ ರಜೆಯಿದ್ದರೆ ನನ್ನನ್ನೂ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಆಗ ಬೆಂಗಳೂರಿನ ವಿಮಾನ ನಿಲ್ದಾಣ ಅಲ್ಲೇ, ಎಚ್‌ಎಎಲ್‌ನಲ್ಲೇ ಇತ್ತು. ವೈಟ್‌ಫೀಲ್ಡ್ ಕಡೆಯಿಂದ ತಗ್ಗಿ ತಗ್ಗಿ ಬರುವ ವಿಮಾನಗಳನ್ನು ರಸ್ತೆಬದಿಯಲ್ಲಿ ನಿಂತು ನೋಡಬಹುದಿತ್ತು. "ಇದೇ ಎಚ್‌ಎಎಲ್‌ನೋರು 1951ರಲ್ಲಿ ಎಚ್‌ಟಿ-2 ಅಂತ ಹಾರಿಸಿದ್ರು. ಆಮೇಲೆ ಪುಷ್ಪಕ ಅಂತ ಪುಟ್ಟ ವಿಮಾನ ಮಾಡಿದ್ರು. ಕಲಿಯೋ ಹುಡುಗ್ರಿಗೆ ಅಂತ್ಲೇ ಮಾಡಿದ್ದು" ಎಂದು ಅಪ್ಪ ಹೇಳುತ್ತಿದ್ದರು. ರಾಮಾಯಣದ ವಿಮಾನದ ಹೆಸರು ಹೊತ್ತ ಆ ಪುಷ್ಪಕ 1958ರಲ್ಲಿ ಮೊದಲು ಹಾರಿದ್ದು; ದೇಶದ ಎಷ್ಟೋ ಹಾರಾಟ ಕ್ಲಬ್ಬುಗಳ ಹುಡುಗರು ಅದರಲ್ಲೇ ಅಕ್ಷರಾಭ್ಯಾಸ ಮಾಡಿದರು. ನನಗೆ ಆಕಾಶದ ಹುಚ್ಚು ಹತ್ತಿದ್ದು ಆ ಸ್ಕೂಟರಿನ ಮೇಲೆಯೇ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ದೇಶದಲ್ಲಿ ವಿಮಾನಗಳ ಸುಗ್ಗಿ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬಂದು, ರೈಲಿನಲ್ಲಿ ಹೋಗುವವರೂ ವಿಮಾನದ ಟಿಕೆಟ್ ಕೇಳುವಂತಾಗಿತ್ತು. ಪೈಲಟ್ಟುಗಳು ಸಾಲದು, ಸಾಲದು ಎಂದು ಪತ್ರಿಕೆಗಳೆಲ್ಲ ಬರೆಯುತ್ತಿದ್ದವು. ಅಪ್ಪ ಮಾದನಾಯಕನಹಳ್ಳಿಯಲ್ಲಿದ್ದ ಸೈಟು ಮಾರಿದರು. 200 ಗಂಟೆ ಹಾರಿ, ಪರೀಕ್ಷೆಗಳನ್ನೆಲ್ಲ ಮುಗಿಸಿ, ವಾಣಿಜ್ಯ ಪೈಲಟ್ ಲೈಸೆನ್ಸ್ ಕೈಗೆ ಬಂದದ್ದು 2008ರಲ್ಲಿ. ಅದೇ ವರ್ಷ ತೈಲದ ಬೆಲೆ ಗಗನಕ್ಕೇರಿ, ಹಿಂದೆಯೇ ಜಗತ್ತಿನ ಆರ್ಥಿಕತೆ ಕುಸಿದು, ವಿಮಾನ ಸಂಸ್ಥೆಗಳ ಬಾಗಿಲು ಮುಚ್ಚಿತು. ಲೈಸೆನ್ಸ್ ಹಿಡಿದು ಕೆಲಸವಿಲ್ಲದೆ ಕೂತವರು ಸಾವಿರಾರು ಮಂದಿ. 2012ರಲ್ಲಿ ಕಿಂಗ್‌ಫಿಷರ್ ನೆಲ ಕಚ್ಚಿದಾಗ ಆ ಸಾಲಿಗೆ ಅನುಭವಸ್ಥರೂ ಬಂದು ನಿಂತರು. ಆ ವರ್ಷಗಳಲ್ಲಿ ನಾನು ಬೇರೆ ರಾಜ್ಯದ ಹಾರಾಟ ಕ್ಲಬ್ಬೊಂದರಲ್ಲಿ ಕಲಿಸುವ ಕೆಲಸ ಹಿಡಿದೆ. ಮುಂದೆ ನನ್ನನ್ನು ಮನೆಗೆ ತಂದು ಮುಟ್ಟಿಸಿದ್ದು ಅದೇ ಅನುಭವ. 2013ರಲ್ಲಿ ವಿಮಾನ ಸಂಸ್ಥೆ ಸೇರಿದೆ; 2018ರಲ್ಲಿ ಕ್ಯಾಪ್ಟನ್ ಆದೆ. ಬೇಸ್ ಮಾತ್ರ ದೆಹಲಿ.

ಬೇಸ್ ಎಂದರೆ ಪೈಲಟ್ಟಿನ ಡ್ಯೂಟಿ ಶುರುವಾಗುವ ಮತ್ತು ಮುಗಿಯುವ ಊರು. ನನ್ನ ಮನೆ ಪೀಣ್ಯದಲ್ಲಿ, ಬೇಸ್ ದೆಹಲಿಯಲ್ಲಿ. ವಾರಕ್ಕೆ ಎರಡು ದಿನ ರಜೆ ಸಿಕ್ಕರೆ, ದೆಹಲಿಯಿಂದ ಹೊರಡುವ ಯಾವುದಾದರೂ ವಿಮಾನದಲ್ಲಿ ಖಾಲಿ ಸೀಟು ಸಿಗಬೇಕು. ಹಬ್ಬದ ಸೀಸನ್ನಿನಲ್ಲಿ, ಅಂದರೆ ಮನೆಯಲ್ಲಿ ಇರಲೇಬೇಕಾದ ದಿನಗಳಲ್ಲಿ, ಅದು ಸಿಗುವುದಿಲ್ಲ. ಸಿಕ್ಕರೂ ದೇವನಹಳ್ಳಿಯಲ್ಲಿ ಇಳಿದು ಪೀಣ್ಯ ಮುಟ್ಟುವ ಹೊತ್ತಿಗೆ ಮಗಳು ಮಲಗಿರುತ್ತಾಳೆ. ಮರುದಿನ ಅವಳು ಶಾಲೆಗೆ ಹೋಗಿ ಬರುವಷ್ಟರಲ್ಲಿ ನನ್ನ ಪೆಟ್ಟಿಗೆ ಬಾಗಿಲ ಬಳಿ ಬಂದಿರುತ್ತದೆ. ಬೆಂಗಳೂರಿಗೆ ವರ್ಗ ಕೇಳಿ ಬರೆದುಕೊಟ್ಟಿದ್ದೆ. ಹಿರಿತನದ ಪ್ರಕಾರ ಸರದಿ. ನನ್ನ ಮುಂದೆ ಉದ್ದದ ಸಾಲಿತ್ತು.

ಪೈಲಟ್ಟುಗಳಷ್ಟು ಗಂಟೆ ಎಣಿಸುವ ಜಾತಿ ಇನ್ನೊಂದಿಲ್ಲ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ವಾರಕ್ಕಿಷ್ಟು, ತಿಂಗಳಿಗಿಷ್ಟು, ರಾತ್ರಿ ಇಳಿಸುವುದು ಇಷ್ಟೇ ಸಲ ಎಂದು ಎಲ್ಲಕ್ಕೂ ನಿಯಮವಿದೆ, ಇರಲೇಬೇಕು. ಬೆಳಗಿನ ಜಾವ 2ರಿಂದ 6ರವರೆಗೆ ಮನುಷ್ಯನ ದೇಹ ತನ್ನಷ್ಟಕ್ಕೆ ತಾನು ಕುಗ್ಗುತ್ತದೆ. ಎಷ್ಟೇ ಕಾಫಿ ಕುಡಿದರೂ ಆ ಹೊತ್ತಿನಲ್ಲಿ ಕಣ್ಣು ನೋಡಿದ್ದನ್ನು ಬುದ್ಧಿ ಹಿಡಿಯುವುದು ಒಂದು ಗಳಿಗೆ ತಡವಾಗಿ. ಆದರೆ ನಿಯಮದ ಪುಸ್ತಕ ಎಣಿಸುವುದು ಹಾರಾಟದ ಗಂಟೆಯನ್ನು, ಡ್ಯೂಟಿಯ ಗಂಟೆಯನ್ನು. ಮನೆಯಿಂದ ದೂರವಿದ್ದ ಗಂಟೆಗೆ ಅದರಲ್ಲಿ ಕಾಲಮ್ಮು ಇಲ್ಲ.

ಆ ಕಾಲಮ್ಮು ನಮ್ಮ ಅಡುಗೆಮನೆಯ ಗೋಡೆಯ ಮೇಲಿತ್ತು. ಅಲ್ಲಿ ವರ್ಷವರ್ಷವೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ನಾನು ಮನೆಯಲ್ಲಿ ಮಲಗಿದ ರಾತ್ರಿಗಳಿಗೆ ನನ್ನವಳು ಅದರಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತುತ್ತಿದ್ದಳು. ಹಂಗಿಸಲಿಕ್ಕಲ್ಲ, ಹಾಲು ಎಷ್ಟು ಹೆಚ್ಚಿಗೆ ತರಿಸಿದ್ದು ಎಂದು ತಿಂಗಳ ಕೊನೆಗೆ ಲೆಕ್ಕ ಸಿಗಲಿ ಎಂದು. 2022ರ ಕೊನೆಯಲ್ಲಿ ಹೊಸ ಕ್ಯಾಲೆಂಡರ್ ನೇತುಹಾಕಲು ಹಳೆಯದನ್ನು ಇಳಿಸಿದಾಗ ನಾನು ಸುಮ್ಮನೆ ಸೊನ್ನೆಗಳನ್ನು ಎಣಿಸಿದೆ. 94 ಇದ್ದವು. ಅದೇ ವರ್ಷ ನನ್ನ ಲಾಗ್‌ಬುಕ್ಕಿನಲ್ಲಿ 860 ಗಂಟೆ. ಎರಡೂ ಲೆಕ್ಕ ಸರಿಯೇ ಇತ್ತು. ಒಂದು ಪುಸ್ತಕ ಮಾತ್ರ ಸಂಬಳ ಕೊಡುತ್ತಿತ್ತು.

ಅದೇ ದಿನಗಳಲ್ಲಿ ಇನ್ನೊಂದು ಮಾತು ಕಿವಿಗೆ ಬಿತ್ತು. ಆರು ವರ್ಷದ ಮಗಳು ಪಕ್ಕದ ಮನೆಯ ಹುಡುಗಿಗೆ ಹೇಳುತ್ತಿದ್ದಳು: "ಇವತ್ತು ಆಟಕ್ಕೆ ಬರಲ್ಲ. ನಮ್ಮಪ್ಪ ನಮ್ಮನೆಗೆ ಬಂದಿದಾರೆ." ಊರಿಂದ ಮಾವ ಬಂದಿದಾರೆ, ಅತ್ತೆ ಬಂದಿದಾರೆ ಎನ್ನುವ ಧಾಟಿಯಲ್ಲೇ. ಸಂತೋಷದಿಂದಲೇ ಹೇಳಿದ್ದಳು. 2020ರಲ್ಲಿ ಕೊರೊನಾದಿಂದ ಮಾರ್ಚ್ 25ರಿಂದ ಎರಡು ತಿಂಗಳು ದೇಶದ ಪ್ರಯಾಣಿಕ ವಿಮಾನಗಳೆಲ್ಲ ನಿಂತಿದ್ದವಲ್ಲ, ಆಗ ನಾನು ಮನೆಯಲ್ಲೇ ಇದ್ದೆ. ಜಗತ್ತಿಗೆಲ್ಲ ಕೆಟ್ಟ ಕಾಲವಾಗಿದ್ದ ಆ ಎರಡು ತಿಂಗಳು ಅವಳ ನೆನಪಿನಲ್ಲಿ 'ಅಪ್ಪ ಹೋಗದೇ ಇದ್ದ ರಜ'.

ಇಷ್ಟಾದರೂ ನಾನು ಹೇಗೋ ದೂಡುತ್ತಿದ್ದೆನೇನೋ. ಆದರೆ ಅಮ್ಮನ ಮೂತ್ರಪಿಂಡಗಳು ಕೈಕೊಟ್ಟವು. ಸಕ್ಕರೆ ಕಾಯಿಲೆ ಒಳಗೊಳಗೇ ಮಾಡಿದ ಕೆಲಸ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಒಂದು ಸಲಕ್ಕೆ ನಾಲ್ಕು ಗಂಟೆ. ಯಂತ್ರದ ಪಕ್ಕ ಮಲಗಿದ್ದು ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ, ಒಬ್ಬರು ಹಿಡಿದುಕೊಳ್ಳಲೇಬೇಕು. ಅಪ್ಪನಿಗೆ ವಯಸ್ಸು ಎಪ್ಪತ್ತು ದಾಟಿದೆ, ನರ್ಸ್ ಹೇಳಿದ್ದು ಕೇಳಿಸುವುದಿಲ್ಲ. ನನ್ನವಳ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಪೀಣ್ಯ ಊರಿನ ಈ ತುದಿ, ಅದು ಆ ತುದಿ; ಕಂಪನಿ ಬಸ್ಸಿನಲ್ಲಿ ನೈಸ್ ರಸ್ತೆ ಹಿಡಿದು ಬೆಳಿಗ್ಗೆ ಹೊರಟರೆ ಮನೆ ಮುಟ್ಟುವಾಗ ದೀಪ ಹೊತ್ತಿರುತ್ತದೆ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡುವ ಅನುಮತಿ ಪಡೆದು, ಒಂದು ದಿನ ರಜೆ ಹಾಕಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತು ಅವಳು ನಿಭಾಯಿಸಿದಳು. ನಾನು ಆ ಹೊತ್ತಿಗೆ ಗುವಾಹಟಿಯಲ್ಲೋ ಶ್ರೀನಗರದಲ್ಲೋ ಇರುತ್ತಿದ್ದೆ.

ಜಕ್ಕೂರಿನ ಕೆಲಸದ ಸುದ್ದಿ ಬಂದದ್ದು ಆಗ. ಗುತ್ತಿಗೆಯ ನೇಮಕ. ಸಂಬಳ ಕ್ಯಾಪ್ಟನ್ ಸಂಬಳದ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಒಂದು ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಕಾಗದ ಪೆನ್ನು ಹಿಡಿದು ಕೂತೆವು. ವೈಟ್‌ಫೀಲ್ಡ್‌ನಲ್ಲಿ ಮೂರು ಬೆಡ್‌ರೂಮಿನ ಫ್ಲಾಟ್ ಬುಕ್ ಮಾಡಿದ್ದೆವು, ಅದನ್ನು ಬಿಡಬೇಕಾಗುತ್ತದೆ. ಮಗಳ ಶಾಲೆ ಬದಲಾಯಿಸಬೇಕಿಲ್ಲ. ಅಮ್ಮನ ಖರ್ಚು, ಅಪ್ಪನ ಔಷಧ, ಮನೆಯದು, ಹೇಗೋ ನಡೆಯುತ್ತದೆ. ಏರ್‌ಬಸ್‌ನ ಅರ್ಹತೆಯನ್ನು ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಪರೀಕ್ಷೆ ಕೊಟ್ಟು ಉಳಿಸಿಕೊಳ್ಳಬೇಕು; ಬಿಟ್ಟುಬಂದರೆ ಅದು ತಾನಾಗಿ ಜಾರಿಹೋಗುತ್ತದೆ. ಮತ್ತೆ ಹೋಗಬೇಕೆಂದರೆ ಮತ್ತೆ ತರಬೇತಿ, ಮತ್ತೆ ಕೆಳಗಿನ ಮೆಟ್ಟಿಲು. ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ನನ್ನವಳು ಕೇಳಿದಳು: "ರೀ, ನೀವು ನಮಗೋಸ್ಕರ ಬಿಡ್ತಾ ಇದೀರ ಅಂತಾದ್ರೆ ಬೇಡ. ಆಮೇಲೆ ಒಂದಿನ ಅದನ್ನ ನಮ್ಮ ತಲೆಗೆ ಕಟ್ತೀರ. ಕಲಿಸೋದು ನಿಮಗೆ ಇಷ್ಟ ಇದ್ದರೆ ಮಾತ್ರ ಬನ್ನಿ."

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರಕ್ಕೆ ನನಗೆ ಮೂರು ದಿನ ಬೇಕಾಯಿತು. ಹಾರಾಟ ಕ್ಲಬ್ಬಿನ ಆ ನಾಲ್ಕು ವರ್ಷದಲ್ಲಿ ನಾನು ಕಲಿಸಿದ ಹುಡುಗರ ಹೆಸರು, ಅವರು ಮಾಡುತ್ತಿದ್ದ ತಪ್ಪು, ಯಾರಿಗೆ ಯಾವ ಗಾಳಿಯಲ್ಲಿ ಕೈ ನಡುಗುತ್ತಿತ್ತು ಎಂಬುದೆಲ್ಲ ನೆನಪಿತ್ತು. ಏರ್‌ಬಸ್ಸಿನ ಸಾವಿರಾರು ಗಂಟೆಗಳಲ್ಲಿ ಹಾಗೆ ನೆನಪಿರುವುದು ಬೆರಳೆಣಿಕೆಯ ಹಾರಾಟಗಳು. ನಾನು ಹೂಂ ಎಂದೆ.

ಹೂಂ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. 2017ರಲ್ಲಿ ಡಿಜಿಸಿಎ ಹೊರಡಿಸಿದ ನಿಯಮದ ಪ್ರಕಾರ ಕೋ-ಪೈಲಟ್ ರಾಜೀನಾಮೆ ಕೊಟ್ಟರೆ ಆರು ತಿಂಗಳು, ಕ್ಯಾಪ್ಟನ್ ಕೊಟ್ಟರೆ ಪೂರ್ತಿ ಒಂದು ವರ್ಷ ನೋಟಿಸ್ ಅವಧಿ. ಕ್ಯಾಪ್ಟನ್ ಒಬ್ಬನನ್ನು ತಯಾರು ಮಾಡಲು ಕಾಲ ಹಿಡಿಯುತ್ತದೆ, ಏಕಾಏಕಿ ಬಿಟ್ಟುಹೋದರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಇರಬಹುದು. ಆದರೆ ಡಯಾಲಿಸಿಸ್ ರೋಗಿಯ ಮನೆಯಲ್ಲಿ ಒಂದು ವರ್ಷವೆಂದರೆ ಎಷ್ಟು ಉದ್ದ ಎಂದು ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು? ಆ ಒಂದು ವರ್ಷದಲ್ಲಿ ಅಮ್ಮ 150 ಸಲಕ್ಕೂ ಹೆಚ್ಚು ಆ ಮಂಚದ ಮೇಲೆ ಮಲಗಿ ಎದ್ದರು. ಪ್ರತಿ ಸಲ ಫೋನ್ ಮಾಡಿದಾಗಲೂ ಒಂದೇ ಮಾತು: "ನಾನು ಸಂದಾಗಿದೀನಿ ಕಣಪ್ಪ. ನೀನು ಕೆಲ್ಸ ಬಿಡಬ್ಯಾಡ. ಆಟೋದೋನು ನಂಬಿಕಸ್ತ, ಕೈ ಹಿಡ್ಕಂಡು ಇಳಿಸ್ತಾನೆ." ವಿಮಾನ ಇಳಿಸುವ ಮಗನಿಗೆ ಅಮ್ಮನನ್ನು ಆಟೋದಿಂದ ಇಳಿಸುವ ಪುಣ್ಯವಿರಲಿಲ್ಲ. ಆ ವರ್ಷದಲ್ಲೇ ಬಿಡುವಿದ್ದಾಗ ಓದಿ, ಪರೀಕ್ಷೆ ಕೊಟ್ಟು, ಹಳೆಯ ಬೋಧಕ ಅರ್ಹತೆಯನ್ನು ಮತ್ತೆ ಜೀವಂತ ಮಾಡಿಕೊಂಡೆ.

ನೆಂಟರ ಚಿಂತೆ ಬೇರೆಯೇ ಇತ್ತು. ಸೋದರಮಾವನವರು ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬಂದು ಕೂತು, "ಹೋಗ್ಲಿ ಬಿಡು, ಸರ್ಕಾರಿ ಕೆಲ್ಸ. ಪೆನ್ಸನ್ನಾದ್ರೂ ಬತ್ತದೆ" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್ ಒಂದರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ನನ್ನದಂತೂ ಗುತ್ತಿಗೆ, ಹೊಸದೂ ಇಲ್ಲ ಎಂದೆ. ಮಾವ ಬಹಳ ಹೊತ್ತು ಸೀಲಿಂಗ್ ಫ್ಯಾನನ್ನೇ ನೋಡಿದರು. "ಮತ್ಯಾವ ಸೀಮೆ ಸರ್ಕಾರಿ ಕೆಲ್ಸನಪ್ಪ ಅದು?" ಎಂದರು.

ಅಪ್ಪ ಮಾತ್ರ ಸಂಬಳ ಕೇಳಲಿಲ್ಲ. ಕಿವಿಯ ಹತ್ತಿರ ಬಾಗಿ ವಿಷಯವೆಲ್ಲ ಹೇಳಿದ ಮೇಲೆ, "ಆ ಚಿಕ್ಕ ವಿಮಾನದ ಎಂಜಿನ್ನು ಎಷ್ಟು ಸಿಲಿಂಡರು?" ಎಂದರು.

"ನಾಲ್ಕು."

"ನೀರಿಂದಾ, ಗಾಳಿದಾ?"

"ಗಾಳಿಯಿಂದಲೇ ತಣ್ಣಗಾಗೋದು, ಅಪ್ಪ."

ಸ್ವಲ್ಪ ಹೊತ್ತು ಯೋಚಿಸಿ, "ಒಳ್ಳೇದು. ಕಡಿಮೆ ಸಾಮಾನು, ಕಡಿಮೆ ರಿಪೇರಿ" ಎಂದು ಅನುಮತಿ ಕೊಟ್ಟರು.

ಹೀಗೆ 2024ರಲ್ಲಿ ನಾನು ಜಕ್ಕೂರಿಗೆ ಬಂದೆ. ಪೀಣ್ಯದಿಂದ ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಹೆಬ್ಬಾಳ, ಅಲ್ಲಿಂದ ಜಕ್ಕೂರು. ಬೆಳಗಿನ ಜಾವ ಐದಕ್ಕೆ ಹೊರಟರೆ ಅರ್ಧ ಗಂಟೆಯ ದಾರಿ. ಮಧ್ಯಾಹ್ನ ಅದೇ ದಾರಿ ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಹತ್ತಿರ ದೂರ ಎಂಬುದು ಕಿಲೋಮೀಟರಿನ ಮಾತಲ್ಲ, ಗಡಿಯಾರದ ಮಾತು. ಆದರೂ ಹಾರಾಟದ ಶಾಲೆಗೆ ಬೆಳಗೇ ಶ್ರೇಷ್ಠ. ಗಾಳಿ ಇನ್ನೂ ಎದ್ದಿರುವುದಿಲ್ಲ, ನೆಲ ಕಾದಿರುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 3000 ಅಡಿ ಮೇಲಿದೆ. ಗಾಳಿ ಸ್ವಭಾವತಃ ತೆಳು. ಏಪ್ರಿಲ್ ಮಧ್ಯಾಹ್ನ ಬಿಸಿಯಾಗಿ ಇನ್ನೂ ತೆಳುವಾದಾಗ ಪುಟ್ಟ ಎಂಜಿನ್ನು ಏದುಸಿರು ಬಿಡುತ್ತದೆ, ಏರಲು ರನ್‌ವೇ ಹೆಚ್ಚು ಬೇಕಾಗುತ್ತದೆ. ಹೀಗಾಗಿ ನಮ್ಮ ಒಳ್ಳೆಯ ಕೆಲಸವೆಲ್ಲ ಹತ್ತು ಗಂಟೆಯೊಳಗೆ.

ದೊಡ್ಡ ವಿಮಾನದಿಂದ ಸಣ್ಣದಕ್ಕೆ ಬರುವುದು ಬಹಳ ಸುಲಭವೆಂದು ಹೊರಗಿನವರಿಗೆ ಅನ್ನಿಸುತ್ತದೆ. ಏರ್‌ಬಸ್ ತುಂಬಿದಾಗ 70 ಟನ್‌ಗೂ ಮಿಕ್ಕಿ ತೂಗುತ್ತದೆ, ಸೆಸ್ನಾ 172 ಒಂದು ಟನ್ ಚಿಲ್ಲರೆ. ಆದರೆ ಏರ್‌ಬಸ್ಸಿನಲ್ಲಿ ಕಾಲಿಗೆ ಹೆಚ್ಚು ಕೆಲಸವಿಲ್ಲ, ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಇಲ್ಲಿ ಪ್ರೊಪೆಲ್ಲರ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದೆ. ಬಲಗಾಲು ಸದಾ ಎಚ್ಚರವಿರಬೇಕು. ಅಲ್ಲಿ ನೆಲ ಇನ್ನೂ 30 ಅಡಿ ಇರುವಾಗಲೇ ಮೂಗು ಎತ್ತಲು ತೊಡಗಬೇಕು. ಇಲ್ಲಿ ಅಷ್ಟು ಮೇಲೆ ಎತ್ತಿದರೆ ವಿಮಾನ ಗಾಳಿಯಲ್ಲೇ ಸುಸ್ತಾಗಿ ಧೊಪ್ಪನೆ ಕೂರುತ್ತದೆ. ಅಲ್ಲಿ ಪೈಲಟ್ ಯಂತ್ರವನ್ನು ಆಳುವವನು. ಇಲ್ಲಿ ಗಾಳಿ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳುವವನು. ಅಪ್ಪ ಬೆರಳಿನಿಂದ ಕಬ್ಬಿಣವನ್ನು ಓದುತ್ತಿದ್ದಂತೆ, ಸೀಟಿನಲ್ಲಿ ಕೂತ ದೇಹದಿಂದಲೇ ಗಾಳಿಯನ್ನು ಓದಬೇಕು.

ನಮ್ಮ ಸರ್ಕ್ಯೂಟ್ ನೆಲದಿಂದ ಒಂದು ಸಾವಿರ ಅಡಿ ಎತ್ತರದಲ್ಲಿ. ಅಲ್ಲಿಂದ ಜಕ್ಕೂರು ಕೆರೆ ಕಾಣುತ್ತದೆ, ಬಳ್ಳಾರಿ ರಸ್ತೆಯ ಆಚೆ ಜಿಕೆವಿಕೆಯ ಹಸಿರು ಕಾಣುತ್ತದೆ. ಉತ್ತರಕ್ಕೆ ಯಲಹಂಕದ ವಾಯುನೆಲೆ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವ ಜಾಗ. ಮಳೆ ಬಂದು ತೊಳೆದ ಬೆಳಿಗ್ಗೆಗಳಲ್ಲಿ ಪಶ್ಚಿಮದ ಅಂಚಿನಲ್ಲಿ ಪೀಣ್ಯದ ತಗಡಿನ ಛಾವಣಿಗಳು ಮಿನುಗುತ್ತವೆ. 36 ಸಾವಿರ ಅಡಿಯಿಂದ ನಾನು ಹಿಮಾಲಯದ ಸಾಲನ್ನು ಎಷ್ಟೋ ಸಲ ನೋಡಿದ್ದೇನೆ. ಸುಳ್ಳೇಕೆ ಹೇಳಲಿ, ಅದರ ಸೊಗಸೇ ಬೇರೆ. ಆ ನೋಟ ಈಗಲೂ ಬೇಕೆನಿಸುತ್ತದೆ. ತಿಂಗಳ ಒಂದನೇ ತಾರೀಖಿನ ಆ ಸಂಬಳವೂ ಬೇಕೆನಿಸುತ್ತದೆ.

ಇತ್ತೀಚೆಗೆ ಹಾವೇರಿ ಕಡೆಯ ರೈತರೊಬ್ಬರ ಮಗಳನ್ನು ಮೊದಲ ಬಾರಿಗೆ ಒಂಟಿಯಾಗಿ ಹಾರಲು ಬಿಟ್ಟೆ. ಜಮೀನಿನ ಮೇಲೆ ಸಾಲ ತಂದು ಕಲಿಯಲು ಬಂದ ಹುಡುಗಿ. ಮೂರು ಸುತ್ತು ನನ್ನ ಜತೆ ಚೆನ್ನಾಗಿ ಇಳಿಸಿದಳು. ನಾಲ್ಕನೆಯ ಸುತ್ತಿಗೆ ನಾನು ಬೆಲ್ಟ್ ಬಿಚ್ಚಿ ಕೆಳಗಿಳಿದೆ, ಬಾಗಿಲು ಭದ್ರಪಡಿಸಿದೆ, "ಒಂದೇ ಸುತ್ತು. ನಾನಿಲ್ಲದ ಭಾರಕ್ಕೆ ಬೇಗ ಏರುತ್ತೆ, ಹೆದರಬೇಡ" ಎಂದೆ. ಅವಳ ಮುಖ ಬಿಳಿಚಿಕೊಂಡಿತ್ತು. ಏಳು ನಿಮಿಷದ ಹಾರಾಟ. ಕೆಳಗೆ ನಿಂತವನಿಗೆ ಅದು ಎಷ್ಟು ಉದ್ದವೆಂದು ಕಲಿಸಿದವರಿಗೇ ಗೊತ್ತು. ಕೂಗಿ ಹೇಳಲಾಗದು, ಕೈ ಚಾಚಲಾಗದು. ಅಪ್ಪನ ಶೆಡ್ಡಿಗೆ ಕೆಲಸ ಕಲಿಯಲು ಬಂದ ಹುಡುಗ ಮೊದಲ ಸಲ ತಾನೇ ಲೇತಿನಲ್ಲಿ ಪೀಸು ಕಡಿಯುವಾಗ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಏಕೆಂದು ಚಿಕ್ಕಂದಿನಲ್ಲಿ ಅರ್ಥವಾಗಿರಲಿಲ್ಲ. ಅವಳು ಕೊನೆಯ ತಿರುವು ತೆಗೆದುಕೊಂಡು ರನ್‌ವೇಗೆ ನೇರವಾಗಿ, ತಗ್ಗಿ, ಹಗುರಾಗಿ ಚಕ್ರ ಮುಟ್ಟಿಸಿದಾಗ ನೋಡಿಕೊಂಡೆ. ನನ್ನ ಕೈಗಳೂ ಬೆನ್ನ ಹಿಂದಿದ್ದವು.

2025ರ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ ನಿಲ್ದಾಣಗಳು ಸಂತೆಯಾದದ್ದು ನಿಮಗೆ ನೆನಪಿರಬಹುದು. ಪೈಲಟ್ಟುಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಇಳಿಸುವುದನ್ನು ಮಿತಗೊಳಿಸುವ ಹೊಸ ನಿಯಮಗಳು ಆಗ ಪೂರ್ತಿಯಾಗಿ ಜಾರಿಗೆ ಬಂದಿದ್ದವು; ಅದಕ್ಕೆ ಬೇಕಾದಷ್ಟು ಪೈಲಟ್ಟುಗಳಿರಲಿಲ್ಲ. ಆ ವಾರ ಹಳೆಯ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಮಾಡಿದರು. "ನೀನು ಒಳ್ಳೇ ಟೈಮಲ್ಲಿ ಇಳಿದೆ ಮಾರಾಯ" ಎಂದರು. ನನಗೆ ಹಾಗೆನಿಸಲಿಲ್ಲ. ಅವರು ಹಾರುತ್ತಿರುವುದರಿಂದಲೇ ಲಕ್ಷಾಂತರ ಜನ ತಮ್ಮ ತಮ್ಮ ಮನೆ ಮುಟ್ಟುತ್ತಿದ್ದಾರೆ. ಎಲ್ಲರೂ ನನ್ನಂತೆ ಇಳಿದುಬಿಡಿ ಎನ್ನಲು ನಾನು ಯಾರು? ನನಗೆ ಕಲಿಸುವ ಕೆಲಸ ಗೊತ್ತಿತ್ತು, ಹತ್ತಿರದಲ್ಲೊಂದು ಶಾಲೆಯಿತ್ತು, ಸಂಬಳ ತರುವ ಹೆಂಡತಿಯಿದ್ದಳು. ಈ ಮೂರರಲ್ಲಿ ಒಂದಿಲ್ಲದಿದ್ದರೂ ನಾನೀಗಲೂ ದೆಹಲಿಯಲ್ಲೇ ಖಾಲಿ ಸೀಟು ಕಾಯುತ್ತಿರುತ್ತಿದ್ದೆ.

ಆಸ್ಪತ್ರೆಯವರನ್ನು ಕೇಳಿ ಅಮ್ಮನ ಸರದಿಯನ್ನು ಮಧ್ಯಾಹ್ನ ಮೂರಕ್ಕೆ ಹಾಕಿಸಿಕೊಂಡಿದ್ದೇವೆ. ಮಂಗಳವಾರ, ಗುರುವಾರ, ಶನಿವಾರ ನಾನೇ ಕರೆದೊಯ್ಯುತ್ತೇನೆ. ಅಮ್ಮ ಮೊದಮೊದಲು ಆಟೋದವನ ಕೈ ನಿನ್ನದಕ್ಕಿಂತ ಗಟ್ಟಿ ಎಂದು ಗೊಣಗುತ್ತಿದ್ದರು, ಈಗ ಬಿಟ್ಟಿದ್ದಾರೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದ ಮೇಲೆ ನನ್ನವಳು ಪೀಣ್ಯದಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ ಎಲೆಕ್ಟ್ರಾನಿಕ್ ಸಿಟಿ ಸೇರುತ್ತಾಳೆ. ಸಂಜೆ ಅವಳಿಗಿಂತ ಮೊದಲು ಮನೆ ಮುಟ್ಟಿ ಅನ್ನಕ್ಕಿಡುವವನು ನಾನು. ಗೋಡೆಯ ಮೇಲೆ ಈ ವರ್ಷದ ಕ್ಯಾಲೆಂಡರ್ ತೂಗುತ್ತಿದೆ. ಅದರಲ್ಲಿ ಹಾಲಿನ ಲೆಕ್ಕವಿದೆ, ಗ್ಯಾಸ್ ಬಂದ ತಾರೀಖಿದೆ, ಅಮ್ಮನ ವಾರಗಳಿಗೆ ಕೆಂಪು ಗೆರೆಯಿದೆ. ಪೆನ್ಸಿಲಿನ ಸೊನ್ನೆಗಳು ಮಾತ್ರ ಇಲ್ಲ.